ಮೇಮ್‌ಸಾಬ್‌ಗೆ ನಾನು ಕಲಿಸಿದ ಇಂಗ್ಲಿಷ್

ನಾನು ಚಿಕ್ಕವಳಿದ್ದಾಗ ಬಹಳ ಪಾಪದ ಹುಡುಗಿಯಾಗಿದ್ದೆ ಎಂದು ನನ್ನ ಮೊಮ್ಮಕ್ಕಳು ತಿಳಿದಿದ್ದರು. ಅವರ ಅಮ್ಮ ಹಾಗೆ ಹೇಳಿಟ್ಟಿದ್ದಳು. ನೀವು ನಂಬಬೇಡಿ. ನನಗೆ ಯಾರಾದರೂ ಕೆಟ್ಟದ್ದು ಮಾಡಿದರೆ ಎರಡು ದಿನ ಮುಖ ಊದಿಸಿಕೊಂಡು ಆಮೇಲೆ ಮರೆತುಬಿಡುತ್ತಿದ್ದೆ. ಅಕ್ಕನಿಗೆ ಮಾಡಿದರೆ ಮಾತ್ರ ಮರೆಯುತ್ತಿರಲಿಲ್ಲ. ಇದು ಅಕ್ಕನ ಪರವಾಗಿ ನಾನು ತೀರಿಸಿಕೊಂಡ ಒಂದು ಸೇಡಿನ ಕತೆ.

ನಮ್ಮ ಮನೆ ಸದಾಶಿವಗಡದಲ್ಲಿ, ಕಾಳಿ ನದಿ ಸಮುದ್ರ ಸೇರುವಲ್ಲಿ ಇತ್ತು. ಆಗ ನದಿಗೆ ಸೇತುವೆ ಇರಲಿಲ್ಲ. ಕಾರವಾರಕ್ಕೆ ಹೋಗಬೇಕಾದರೆ ಲಾಂಚು ಹತ್ತಿ ಆಚೆ ದಡದ ಕೋಡಿಬಾಗದಲ್ಲಿ ಇಳಿಯಬೇಕಿತ್ತು. ಅಪ್ಪ ಊರಿನವರ ಜತೆ ದಡದಲ್ಲಿ ದೊಡ್ಡ ಬಲೆ ಎಳೆಯುತ್ತಿದ್ದ. ಅಮ್ಮನನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಮತ್ತು ಅಕ್ಕ ಬೆಳಗಿನ ಲಾಂಚಿಗೆ ಬುಟ್ಟಿ ಹೊತ್ತು ಹೋಗಿ ಕಾರವಾರದ ಓಣಿಗಳಲ್ಲಿ ಮೀನು ಮಾರುತ್ತಿದ್ದರು. ನಾನೂ ಅದೇ ಲಾಂಚಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದೆ. ಡೀಸೆಲ್ ಹೊಗೆ, ಒದ್ದೆ ಹಗ್ಗ, ಬಂಗಡೆ ಮೀನಿನ ವಾಸನೆ, ಅದರ ನಡುವೆ ಅಕ್ಕ ಮುಡಿದ ಅಬ್ಬಲಿಗೆ ಹೂವಿನ ದಂಡೆ. ಅಬ್ಬಲಿಗೆಗೆ ಪರಿಮಳವೇ ಇಲ್ಲ, ಆದರೆ ಆ ಬಣ್ಣ ನೋಡಿದರೆ ಇವತ್ತಿಗೂ ನನ್ನ ಮೂಗಿಗೆ ಲಾಂಚಿನ ಗಾಳಿ ಬರುತ್ತದೆ.

ಅಕ್ಕ ಆಗಷ್ಟೇ ಸೀರೆ ಉಡಲು ಶುರು ಮಾಡಿದ್ದಳು. ಅಂಕೋಲೆಯ ಕಡೆ ಬೆಳಂಬಾರದಲ್ಲಿ ಅವಳಿಗೆ ಒಂದು ಸಂಬಂಧ ಗೊತ್ತಾಗಿತ್ತು. ಹುಡುಗನ ಮನೆಯವರು ಬಂದು ನೋಡಿ, ಒಪ್ಪಿ, ಚಹಾ ಕುಡಿದು ಹೋಗಿದ್ದರು.

ಕಾರವಾರದ ಒಂದು ಓಣಿಯಲ್ಲಿ ಆಯಿಗೆ ಕಾಯಂ ಮೀನು ಕೊಳ್ಳುವ ಮನೆಗಳಿದ್ದವು. ಆ ವರ್ಷ ಅದೇ ಓಣಿಯ ಕೊನೆಯ ಬಂಗಲೆಗೆ ಉತ್ತರದ ಕಡೆಯ ಒಬ್ಬ ಕಂತ್ರಾಟುದಾರ ಸಾಹೇಬ ಬಾಡಿಗೆಗೆ ಬಂದ. ಅವನ ಹೆಂಡತಿಯನ್ನು ಎಲ್ಲರೂ ಮೇಮ್‌ಸಾಬ್ ಎನ್ನುತ್ತಿದ್ದರು. ಆಕೆಗೆ ಹಿಂದಿ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಮೀನು ಮಾತ್ರ ಬೇಕು. ಒಂದು ಬೆಳಿಗ್ಗೆ, ಆಯಿ ಬೇರೆ ಓಣಿಗೆ ಹೋಗಿದ್ದಾಗ, ಆಕೆ ಅಕ್ಕನನ್ನು ಹಿತ್ತಲ ಕಟ್ಟೆಯ ಮೇಲೆ ಕೂರಿಸಿ ಶೆಟ್ಲಿ ಬಿಡಿಸಿಕೊಡಲು ಹೇಳಿದಳು. ಶೆಟ್ಲಿ ಎಂದರೆ ನಿಮ್ಮ ಸಿಗಡಿ. ಅಕ್ಕ ಬಿಡಿಸಿ ಕೊಟ್ಟು, ಕೈ ತೊಳೆದು, ಓಣಿಯ ಅರ್ಧಕ್ಕೆ ಬಂದಿದ್ದಳು. ಹಿಂದಿನಿಂದ ಮೇಮ್‌ಸಾಬ್ ಕೂಗುತ್ತಾ ಓಡಿಬಂದಳು. ಆಕೆಯ ಬೆರಳಿನ ಉಂಗುರ ಕಾಣುತ್ತಿರಲಿಲ್ಲವಂತೆ.

ನಾನು ಶಾಲೆಗೆ ಹೋಗುವ ದಾರಿಯಲ್ಲಿ ಅಲ್ಲೇ ಇದ್ದೆ. ಆಕೆ ಅಕ್ಕನ ತಲೆಯಿಂದ ಬುಟ್ಟಿ ಎಳೆದು ಮಣ್ಣಿಗೆ ಮಗುಚಿದಳು. ಬಂಗಡೆಗಳು ಧೂಳಿನಲ್ಲಿ ಉರುಳಿದವು. ಸೆರಗು ಕೊಡವಿಸಿದಳು. ತುರುಬು ಬಿಚ್ಚಿಸಿದಳು. ಅಬ್ಬಲಿಗೆ ದಂಡೆ ಮೀನಿನ ಮೇಲೆ ಬಿತ್ತು. ಕಿಟಕಿಗಳಿಂದ ಜನ ನೋಡುತ್ತಿದ್ದರು. ಉಂಗುರ ಸಿಗಲಿಲ್ಲ. ಆದರೂ ಆಕೆ ಅಕ್ಕನ ಕಡೆ ಬೆರಳು ತೋರಿಸಿ ಮತ್ತೆ ಮತ್ತೆ ಒಂದೇ ಮಾತು ಹೇಳಿದಳು: “ಇಸೀ ನೇ ಲಿಯಾ ಹೋಗಾ!” ಇವಳೇ ತೆಗೆದಿರಬೇಕು.

ಅಕ್ಕ ಅಳಲಿಲ್ಲ. ಕೂತು ಒಂದೊಂದೇ ಮೀನು ಎತ್ತಿ ಸೆರಗಿನಲ್ಲಿ ಒರೆಸಿ ಬುಟ್ಟಿಗೆ ಹಾಕಿದಳು. ಅಬ್ಬಲಿಗೆ ದಂಡೆಯನ್ನು ಮಾತ್ರ ಮಣ್ಣಿನಲ್ಲೇ ಬಿಟ್ಟಳು.

ಎರಡು ದಿನ ಕಳೆದು ಉಂಗುರ ಸಿಕ್ಕಿತು. ಆಕೆಯ ಅಡುಗೆಮನೆಯ ಗೋಧಿಹಿಟ್ಟಿನ ಡಬ್ಬಿಯಲ್ಲೇ ಇತ್ತು. ಆ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಬಂದು ಆಯಿಗೆ ಹೇಳಿದಳು. ಆದರೆ ಅಷ್ಟರಲ್ಲಿ ಸುದ್ದಿ ಬಸ್ಸು ಹತ್ತಿ ಬೆಳಂಬಾರಕ್ಕೂ ಹೋಗಿತ್ತು. ಹುಡುಗನ ಮನೆಯವರು, ಸ್ವಲ್ಪ ತಡೆಯಿರಿ, ನೋಡೋಣ ಎಂದು ಹೇಳಿ ಕಳಿಸಿದರು.

ಅಪ್ಪನಿಗೆ ಮುಂಬಯಿಯ ಬೋಟುಗಳಲ್ಲಿ ದುಡಿದು ಹಿಂದಿ ಗೊತ್ತಿತ್ತು. ತೊಳೆದ ಅಂಗಿ ಹಾಕಿಕೊಂಡು ಅವನು ಬಂಗಲೆಗೆ ಹೋದ. ನನ್ನ ಮಗಳು ಕದ್ದಿಲ್ಲ ಎಂದು ಒಂದು ಮಾತು ಓಣಿಯವರ ಮುಂದೆ ಹೇಳಿ, ಅಷ್ಟೇ ಸಾಕು ಎಂದು ಕೇಳಿಕೊಂಡ. ಮೇಮ್‌ಸಾಬ್ ಗೇಟಿನ ಒಳಗಿನಿಂದಲೇ ಉತ್ತರ ಕೊಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅದನ್ನು ನಮಗೆ ಬಿಡಿಸಿ ಹೇಳಿದ. “‘ಲಿಯಾ ಹೈ’ ಅಂದ್ರೆ ತೆಗ್ದಾಳೆ ಅಂತ. ‘ಲಿಯಾ ಹೋಗಾ’ ಅಂದ್ರೆ ತೆಗ್ದಿರ್ಬೇಕು ಅಂತ. ತಾನು ‘ಹೋಗಾ’ ಅಂದದ್ದಂತೆ, ‘ಹೈ’ ಅನ್ಲೇ ಇಲ್ವಂತೆ. ಮತ್ತೆ ತಪ್ಪೆಲ್ಲಿ ಅಂತ ನನ್ನನ್ನೇ ಕೇಳ್ತು. ಅದ್ಕೆ ಎಂತ ಹೇಳೂದು?”

ನಾನು ಗಂಜಿಯ ಬಟ್ಟಲು ದೂಡಿ, ಆ ಬಂಗಲೆಗೆ ಕಲ್ಲು ಹೊಡೆಯುತ್ತೇನೆ ಎಂದೆ.

“ಸುಮ್ನೆ ಉಣ್ಣು ಗೋ,” ಎಂದು ಆಯಿ ಗದರಿದಳು. “ನಾಳೆ ಮತ್ತೆ ಅದೇ ಓಣೀಲಿ ಮೀನು ಮಾರೂದದೆ ನಮ್ಗೆ.”

ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಎಷ್ಟೋ ದಿನ ಅವಳು ಹೂ ಮುಡಿಯಲಿಲ್ಲ. ನಾನು ದಿನಾ ಅವಳ ಬೋಳು ತುರುಬು ನೋಡುತ್ತಿದ್ದೆ. ನೋಡಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದೆ.

ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಒಬ್ಬ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೇ ಕರೆಯುತ್ತಿದ್ದೆವು. ಆ ತಿಂಗಳು ಅವರು ನಮಗೆ ಕ್ಯಾನ್, ಮೇ, ಮಸ್ಟ್, ಶುಡ್ ಎಂಬ ಸಣ್ಣ ಸಣ್ಣ ಶಬ್ದಗಳ ಪಾಠ ಮಾಡಿದ್ದರು. ಒಂದು ದಿನ ತರಗತಿಗೆ ಬಂದು, “ಬಂಗಲೆ ಮೇಮ್‌ಸಾಬ್‌ಗೆ ಇಂಗ್ಲಿಷ್ ಮಾತು ಕಲೀಬೇಕಂತೆ. ನಂಗೆ ಪುರುಸೊತ್ತಿಲ್ಲ. ಹಿಂದಿ ಚೆನ್ನಾಗಿ ಬರೂ ಹುಡ್ಗೀರು ಯಾರು ಹೋಗ್ತೀರಿ?” ಎಂದು ಕೇಳಿದರು.

ಶಾಲೆಯ ಹಿಂದಿ, ಅಪ್ಪನ ಬೋಟಿನ ಹಿಂದಿ ಎರಡೂ ನನಗೆ ಬರುತ್ತಿದ್ದವು. ಅವರ ಮಾತು ಮುಗಿಯುವ ಮೊದಲೇ ನನ್ನ ಕೈ ಮೇಲೆ ಹೋಗಿತ್ತು. ಅಕ್ಕೋರು ನನ್ನನ್ನು ಸುಮಾರು ಹೊತ್ತು ನೋಡಿದರು. ಬುಟ್ಟಿಯ ಸಂಗತಿ ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಕೊನೆಗೆ, “ಸರಿಯಾಗೇ ಕಲ್ಸು, ಹಾಂ,” ಎಂದಷ್ಟೇ ಹೇಳಿದರು.

ಶಾಲೆಯ ಲಂಗ, ರಿಬ್ಬನ್ ಕಟ್ಟಿದ ಎರಡು ಜಡೆ, ತಲೆಯ ಮೇಲೆ ಬುಟ್ಟಿ ಇಲ್ಲ. ಮೇಮ್‌ಸಾಬ್‌ಗೆ ನನ್ನ ಗುರುತು ಸಿಗಲಿಲ್ಲ. ಅವತ್ತು ಓಣಿಯಲ್ಲಿ ಆಕೆ ನನ್ನ ಮುಖ ನೋಡಿಯೇ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ದಿನಾ ಆ ಹಿತ್ತಲಿಗೆ ಹೋಗತೊಡಗಿದೆ. ಅಕ್ಕ ಶೆಟ್ಲಿ ಬಿಡಿಸಿದ ಕಟ್ಟೆಯ ಮೇಲೆ ಆಕೆ ಕೂರುತ್ತಿದ್ದಳು, ನಾನು ಕೆಳಗೆ ಮೆಟ್ಟಿಲ ಮೇಲೆ.

ಮೊದಮೊದಲು ನಾನು ಪಾಠವನ್ನು ನಿಜವಾಗಿಯೂ ಸರಿಯಾಗೇ ಕಲಿಸಿದೆ. ಏನು ಮಾಡಬೇಕೆಂದು ನನಗೇ ಗೊತ್ತಿರಲಿಲ್ಲ, ಆ ಮನೆಯ ಒಳಗೆ ಕಾಲಿಟ್ಟರೆ ಏನಾದರೂ ದಾರಿ ಹೊಳೆಯುತ್ತದೆ ಎಂದುಕೊಂಡಿದ್ದೆ. ಕ್ಯಾನ್ ಎಂದರೆ ಆಗುತ್ತದೆ, ಶಕ್ತಿ ಇದೆ ಎಂದು ಅರ್ಥ. ಲಾಂಚು ನದಿ ದಾಟಬಲ್ಲದು. ಮೇ ಎಂದರೆ ಆಗಬಹುದು, ಆಗದೆಯೂ ಇರಬಹುದು. ಇವತ್ತು ಬಲೆಗೆ ಬಂಗಡೆ ಬೀಳಬಹುದು. ಹಿಂದಿಯವರು ಎರಡಕ್ಕೂ ‘ಸಕತಾ’ ಎಂಬ ಒಂದೇ ಮಾತನ್ನು ಬಳಸಿಬಿಡುತ್ತಾರೆ. ಅದಕ್ಕೇ ಆಕೆ ಇವೆರಡನ್ನು ಸದಾ ಅದಲು ಬದಲು ಮಾಡುತ್ತಿದ್ದಳು. ಮಸ್ಟ್ ಎಂದರೆ ಬಿಡುವಂತಿಲ್ಲ, ಮಾಡಲೇಬೇಕು. ಇದು ಆಕೆಗೆ ಬಹಳ ಹಿಡಿಸಿತು. ಪಾತ್ರೆ ತೊಳೆಯುವವಳಿಗೂ ಬೆಕ್ಕಿಗೂ ಮಸ್ಟ್, ಮಸ್ಟ್ ಎನ್ನುತ್ತಾ ಓಡಾಡಿದಳು. ಶುಡ್ ಎಂಬ ಶಬ್ದಕ್ಕೆ ನಾವಿನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಒಂದು ಸಂಜೆ ಆಕೆ ಗುಟ್ಟು ಹೇಳಿದಳು. ಊರಿನ ಮಹಿಳಾ ಮಂಡಳಿಗೆ ಆಕೆಯ ಗಂಡ ಕುರ್ಚಿಗಳನ್ನು ಕೊಡಿಸಿದ್ದ. ವಾರ್ಷಿಕ ಸಭೆಯಲ್ಲಿ ಆಕೆ ನಾಲ್ಕು ಮಾತು ಆಡಬೇಕಿತ್ತು. ಇಂಗ್ಲಿಷಿನಲ್ಲಿ ಆಡಿ ಗಂಡನನ್ನು ದಂಗುಬಡಿಸುವ ಆಸೆ. ನಿನಗೆಲ್ಲಿ ಬರುತ್ತದೆ ಇಂಗ್ಲಿಷ್ ಎಂದು ಅವನು ಸದಾ ಹಂಗಿಸುತ್ತಿದ್ದನಂತೆ. ಆಕೆಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ. ನಾನು ಹೇಳಿಕೊಡಬೇಕು, ಆಕೆ ಬಾಯಿಪಾಠ ಮಾಡಬೇಕು.

ಏನು ಹೇಳಬೇಕು ಎಂದು ಕೇಳಿದೆ. ಆಕೆ ಸೆರಗು ಸರಿ ಮಾಡಿಕೊಂಡು ಹಿಂದಿಯಲ್ಲಿ ಹೇಳಿದಳು. “ನಾನು ಈ ಊರಿನ ಬಡವರ ಮಾತು ಕೇಳಿದೆ. ಯಾರ ಮೇಲೂ ಸಂಶಯಪಡಲಿಲ್ಲ. ಮನೆಗೆ ಮೀನು ತರುವ ಹುಡುಗಿಯನ್ನೂ ನನ್ನ ಮಗಳ ಹಾಗೆ ನೋಡಿಕೊಂಡೆ.”

ನನ್ನ ಕಿವಿ ಕಾದುಹೋಯಿತು. ಮೀನು ತರುವ ಹುಡುಗಿ! ಅದನ್ನು ಆಕೆ ಕಣ್ಣು ಮಿಟುಕಿಸದೆ ಹೇಳಿದಳು. ಆ ಕ್ಷಣವೇ ನನಗೆ ದಾರಿ ಹೊಳೆಯಿತು. ಆಕೆಯ ಒಂದು ಶಬ್ದವನ್ನೂ ತೆಗೆಯಬೇಕಿಲ್ಲ, ಪ್ರತಿ ವಾಕ್ಯದ ನಡುವೆ ಒಂದು ಸಣ್ಣ ತುಂಡು ಸೇರಿಸಿದರೆ ಸಾಕು.

ನೋಡಿ, ‘ಊಟ ಮಾಡಿದೆ’ ಎಂದರೆ ಹೊಟ್ಟೆ ತುಂಬಿದೆ. ‘ಊಟ ಮಾಡಬೇಕಿತ್ತು’ ಎಂದರೆ ಹೊಟ್ಟೆ ಖಾಲಿ ಇದೆ. ಇಂಗ್ಲಿಷಿನಲ್ಲಿ ಆ ‘ಬೇಕಿತ್ತು’ ಎನ್ನಲು ‘ಶುಡ್ ಹ್ಯಾವ್’ ಎನ್ನುತ್ತಾರೆ. ಹಿಂದಿಯಲ್ಲಿ ‘ಚಾಹಿಯೇ ಥಾ’. ಕೇಳಿದೆ ಎನ್ನುವಲ್ಲಿ ನಾನು ಕೇಳಬೇಕಿತ್ತು ಎಂದು ಕಲಿಸಿದೆ. ಸಂಶಯಪಡಲಿಲ್ಲ ಎನ್ನುವಲ್ಲಿ ಸಂಶಯಪಡಬಾರದಿತ್ತು ಎಂದು ಕಲಿಸಿದೆ. ಮಗಳ ಹಾಗೆ ನೋಡಿಕೊಂಡೆ ಎನ್ನುವಲ್ಲಿ ನೋಡಿಕೊಳ್ಳಬೇಕಿತ್ತು ಎಂದು ಕಲಿಸಿದೆ. ಕೊನೆಗೆ ನನ್ನದೇ ಒಂದು ವಾಕ್ಯ ಅಂಟಿಸಿದೆ: “ಐ ಮಸ್ಟ್ ಆಸ್ಕ್ ಹರ್ ಪಾರ್ಡನ್.” ನಾನು ಅವಳ ಕ್ಷಮೆ ಕೇಳಲೇಬೇಕು. ಪಾರ್ಡನ್ ಎಂದರೆ ಕ್ಷೇಮಸಮಾಚಾರ ಎಂದು ಆಕೆಗೆ ಹೇಳಿದೆ.

ಎಲ್ಲ ವಾಕ್ಯದಲ್ಲೂ ಈ ಶುಡ್ ಯಾಕೆ ಬರುತ್ತದೆ ಎಂದು ಆಕೆ ಹುಬ್ಬು ಗಂಟಿಕ್ಕಿ ಕೇಳಿದಳು.

“ನಿಮ್ಮ ಹಿಂದಿಯಲ್ಲಿ ‘ಜೀ’ ಅನ್ನುವುದಿಲ್ಲವೇ, ಹಾಗೆ. ದೊಡ್ಡ ಸಭೆಯಲ್ಲಿ ಮರ್ಯಾದೆಗೆ ಹಾಕುವುದು,” ಎಂದೆ.

ಮರ್ಯಾದೆ ಎಂದ ಮೇಲೆ ಆಕೆ ಶುಡ್ ಅನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳತೊಡಗಿದಳು. ನನಗೆ ಒಳಗೊಳಗೇ ನಗು ಬಂತು. ಹೆದರಿಕೆಯೂ ಆಯಿತು. ಸಿಕ್ಕಿಬಿದ್ದರೆ ಆ ಓಣಿಯಲ್ಲಿ ಆಯಿಯ ಬುಟ್ಟಿ ಇಳಿಯುವಂತಿಲ್ಲ. ಆದರೂ ಮರುದಿನ ಲಾಂಚಿನಲ್ಲಿ ಅಕ್ಕನ ಬೋಳು ತುರುಬು ನೋಡಿದೆ, ಹೆದರಿಕೆ ಹೋಯಿತು.

ಸಭೆಯ ದಿನ ಬಂತು. ಎರಡು ಬಂಗಡೆ ಹೆಚ್ಚೇ ಉಳಿದರೂ ಚಿಂತೆಯಿಲ್ಲ, ನೀವಿಬ್ಬರೂ ಬರಲೇಬೇಕು, ನನ್ನ ಹಾಡು ಇದೆ ಎಂದು ಸುಳ್ಳು ಹೇಳಿ ಆಯಿಯನ್ನೂ ಅಕ್ಕನನ್ನೂ ಕರೆದೊಯ್ದೆ. ಸಭಾಂಗಣದಲ್ಲಿ ಮಲ್ಲಿಗೆ, ಪೌಡರು, ಹೊಸ ಕುರ್ಚಿಗಳ ಬಣ್ಣದ ವಾಸನೆ. ಆ ಓಣಿಯ ಹೆಂಗಸರೆಲ್ಲ ಬಂದಿದ್ದರು. ಆಯಿ, ಅಕ್ಕ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತರು. ಮುಂದಿನ ಸಾಲಿನಲ್ಲಿ ಸಾಹೇಬ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಧ್ಯಕ್ಷತೆ ಊರಿನ ವಯಸ್ಸಾದ ಲೇಡಿ ಡಾಕ್ಟರರದು. ಕಾರವಾರದ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವರು. ಅವರು ಬಂದರೆ ದೊಡ್ಡ ದೊಡ್ಡ ಅಧಿಕಾರಿಗಳೂ ಎದ್ದು ನಿಲ್ಲುತ್ತಿದ್ದರು.

ಮೇಮ್‌ಸಾಬ್ ಹೊಳೆಯುವ ಸೀರೆ ಉಟ್ಟು ಮೈಕಿನ ಮುಂದೆ ಬಂದಳು. ಕೈ ಮುಗಿದು ಶುರು ಮಾಡಿದಳು.

“ಐ ಶುಡ್ ಹ್ಯಾವ್ ಲಿಸನ್ಡ್ ಟು ದ ಪೂರ್ ಪೀಪಲ್.”

ಸಾಹೇಬನ ಕಾಲು ಕೆಳಗಿಳಿಯಿತು.

“ಐ ಶುಡ್ ನಾಟ್ ಹ್ಯಾವ್ ಸಸ್ಪೆಕ್ಟೆಡ್ ಎನಿವನ್.”

ಪಿಸಪಿಸ ಶುರುವಾಯಿತು. ಇಂಗ್ಲಿಷ್ ಬಲ್ಲವರು ಬಾರದವರ ಕಿವಿಗೆ ಬಾಗಿದರು. ಸಾಹೇಬ ಬೇಡ ಬೇಡ ಎಂದು ಕೈಯಾಡಿಸಿದ. ಅವನು ಬೆರಗಾಗಿ ಕೈಯಾಡಿಸುತ್ತಿದ್ದಾನೆ ಎಂದುಕೊಂಡು ಮೇಮ್‌ಸಾಬ್ ನಕ್ಕು, ದನಿ ಇನ್ನಷ್ಟು ಎತ್ತರಿಸಿದಳು. ಮೀನು ತರುವ ಹುಡುಗಿಯನ್ನು ಮಗಳ ಹಾಗೆ ನೋಡಿಕೊಳ್ಳಬೇಕಿತ್ತು ಎಂದಳು. ಆಮೇಲೆ ತಲೆ ಒಂದು ಕಡೆ ವಾಲಿಸಿ, ಬಹಳ ಪ್ರೀತಿಯಿಂದ, ನಾನು ಅವಳ ಕ್ಷಮೆ ಕೇಳಲೇಬೇಕು ಎಂದು ಹೇಳಿ ಮುಗಿಸಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಮ್‌ಸಾಬ್ ಗಾಬರಿಯಿಂದ ಅತ್ತಿತ್ತ ನೋಡಿದಳು. ಆಗ ಡಾಕ್ಟರು ಮೆಲ್ಲನೆ ಎದ್ದು ಆಕೆಯ ಕೈ ಹಿಡಿದುಕೊಂಡರು. ಮೊದಲು ಹಿಂದಿಯಲ್ಲಿ ಆಕೆಗೆ ಹೇಳಿದರು: “ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡಿರಿ. ಇಂಥ ಧೈರ್ಯ ಎಲ್ಲರಿಗೂ ಬರುವುದಿಲ್ಲ.” ಆಮೇಲೆ ಸಭೆಯ ಕಡೆ ತಿರುಗಿದರು. “ಎಲ್ಲಿ ಆ ಹುಡ್ಗಿ? ಬಂದಿದ್ರೆ ಮುಂದೆ ಕರೀರಿ. ಕ್ಷಮೆ ಕೇಳೂದು ಮೈಕಿಗಲ್ಲ, ಅವ್ಳಿಗೆ.”

ಎಲ್ಲ ತಲೆಗಳೂ ಬಾಗಿಲ ಕಡೆ ತಿರುಗಿದವು. ನಾನು ಅಕ್ಕನ ಮೊಣಕೈ ಹಿಡಿದು ಎಳೆದೆ. ಅವಳು ಬರಲು ಒಪ್ಪಲಿಲ್ಲ. “ನಡಿ ಅಕ್ಕಾ, ನೀ ಎಂತಕ್ಕೆ ಹೆದ್ರೂದು?” ಎಂದು ಹಲ್ಲು ಕಚ್ಚಿ ಹೇಳಿದೆ. ಇಬ್ಬರೂ ಕುರ್ಚಿಗಳ ನಡುವೆ ನಡೆದು ಹೋದೆವು. ನನ್ನ ಕೈ ಅಕ್ಕನ ಕೈಯಲ್ಲಿತ್ತು. ಮೇಮ್‌ಸಾಬ್ ಅಕ್ಕನನ್ನು ನೋಡಿದಳು, ನನ್ನನ್ನು ನೋಡಿದಳು, ನಮ್ಮಿಬ್ಬರ ಒಂದೇ ತರಹದ ಮೂಗನ್ನು ನೋಡಿದಳು. ಆಕೆಯ ಮುಖದಿಂದ ರಕ್ತ ಇಳಿದುಹೋದದ್ದು ಪೌಡರಿನ ಕೆಳಗೂ ಕಂಡಿತು. ನಾನು ಕಣ್ಣು ತಗ್ಗಿಸಲಿಲ್ಲ.

ನಾನು ಹಾಗೆ ಹೇಳಿಯೇ ಇಲ್ಲ, ಈ ಹುಡುಗಿ ಮೋಸ ಮಾಡಿದಳು ಎಂದು ಆಕೆ ಕೂಗಬಹುದಿತ್ತು. ಕೂಗಿದರೆ ಏನು ಹೇಳುತ್ತಿದ್ದೇನೆಂದು ತನಗೇ ಗೊತ್ತಿರಲಿಲ್ಲ ಎಂದು ಒಪ್ಪಬೇಕು, ಗಂಡನ ಎದುರಿಗೆ. ಡಾಕ್ಟರು ಕೈ ಬಿಟ್ಟಿರಲಿಲ್ಲ.

“ಮಾಫ್ ಕರನಾ,” ಎಂದು ತುಟಿಯಲ್ಲೇ ಅಂದಳು.

“ಹಿಂದೆ ಕೂತವರಿಗೂ ಕೇಳಲಿ,” ಎಂದರು ಡಾಕ್ಟರು.

ಆಕೆ ಮತ್ತೊಮ್ಮೆ, ಗಟ್ಟಿಯಾಗಿ ಹೇಳಿದಳು. ಅಕ್ಕ ಆಕೆಯ ಮುಖವನ್ನು ನೆಟ್ಟಗೆ ನೋಡಿದಳು. ಆಗಲಿ ಎನ್ನಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. ಡಾಕ್ಟರಿಗೆ ಕೈ ಮುಗಿದು, ತಿರುಗಿ, ಬಂದ ದಾರಿಯಲ್ಲೇ ನಡೆದು ಹೋದಳು. ಓಣಿಯ ಹೆಂಗಸರು ಕಾಲು ಹಿಂದೆ ಎಳೆದುಕೊಂಡು ಅವಳಿಗೆ ದಾರಿ ಬಿಟ್ಟರು. ಅವತ್ತು ನನಗಾದ ಖುಷಿಯನ್ನು ಹೇಗೆ ಹೇಳಲಿ? ಬಿಸಿ ಅನ್ನಕ್ಕೆ ಮೀನು ಸಾರು ಬಿದ್ದಾಗ ಬಾಯಲ್ಲಿ ನೀರೂರುತ್ತದಲ್ಲ, ಅದು ಎದೆಯಲ್ಲಿ ಊರಿದ ಹಾಗಿತ್ತು.

ಸಭೆ ಮುಗಿದ ಮೇಲೆ ನೀರಿನ ಹಂಡೆಯ ಹತ್ತಿರ ಮೇಮ್‌ಸಾಬ್ ನನ್ನನ್ನು ಹಿಡಿದಳು. ಅವಳ ತಂಗಿಯೇ ನೀನು ಎಂದು ಕೇಳಿದಳು. ಹೌದೆಂದೆ.

“ಶುಡ್ ಮಾನೇ?” ಶುಡ್ ಅಂದರೆ ಏನು? ಆಕೆಯ ದನಿ ಒಡೆದಿತ್ತು.

“ಚಾಹಿಯೇ ಥಾ,” ಎಂದೆ. “ಸುನ್‌ನಾ ಚಾಹಿಯೇ ಥಾ.” ಕೇಳಬೇಕಿತ್ತು.

ಆಕೆ ಹೊಡೆಯಲು ಕೈ ಎತ್ತಿದಳು. ಸುತ್ತ ಜನ ಇದ್ದರು. ಎತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡು ಹೊರಟುಹೋದಳು. ನಾನು ಅಲ್ಲೇ ನಿಂತು ಎರಡು ಲೋಟ ನೀರು ಕುಡಿದೆ.

ಹಿಂದಿರುಗುವಾಗ ಲಾಂಚಿನಲ್ಲಿ ನಾನು ಮಾಡಿದ್ದನ್ನೆಲ್ಲ ಹೇಳಿದೆ. ಆಯಿ ನನ್ನ ಬೆನ್ನಿಗೆ ಒಂದು ಗುದ್ದಿದಳು, ನೋವಾಗುವ ಹಾಗೆಯೇ ಗುದ್ದಿದಳು. ಆಮೇಲೆ ಸಭೆಯಲ್ಲಿ ಕೊಟ್ಟ ಪೇಡೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಬಾಯಿಗೆ ತುರುಕಿದಳು. ಅಕ್ಕ ನದಿಯನ್ನು ನೋಡುತ್ತಾ ಕೂತಿದ್ದಳು. ಅವಳ ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಬಗ್ಗಿ ನೋಡಿದೆ. “ಜೀ ಅಂತೆ, ಜೀ!” ಎಂದು ಸೆರಗು ಕಚ್ಚಿ ನಗುತ್ತಿದ್ದಳು.

ಬಂಗಲೆಯ ಗೇಟಿಗೆ ಆಯಿ ಮತ್ತೆ ಹೋಗಲಿಲ್ಲ. ಓಣಿಯ ಬೇರೆ ಮನೆಗಳು ಮೊದಲಿಗಿಂತ ಹೆಚ್ಚು ಮೀನು ಕೊಂಡವು. ವಾರ ಕಳೆಯುವುದರೊಳಗೆ ಬೆಳಂಬಾರದವರು ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ಮದುವೆ ಮಾತು ಮುಂದುವರಿಸೋಣ ಎಂದರು. ಅಪ್ಪನಿಗೆ ಸಂತೋಷವೇ ಆಗಿತ್ತು. ಒಳಗಿನಿಂದ ಅಕ್ಕ ಬಂದು ಚಹಾದ ತಟ್ಟೆ ಇಟ್ಟಳು, ಇಟ್ಟವಳು ಹೋಗಲಿಲ್ಲ.

“ನಂಗೆ ಆ ಮನೆ ಬ್ಯಾಡ ಅಪ್ಪಾ,” ಎಂದು ಅವರೆದುರೇ ಹೇಳಿದಳು. “ನಾ ಕದ್ದಿಲ್ಲ ಅಂತ ಮೈಕಲ್ಲಿ ಹೇಳೂವರೆಗೆ ನಂಬದೆ ಇದ್ದವ್ರು ಇವ್ರು.”

ಬಂದವರು ಚಹಾ ಕುಡಿಯದೆ ಎದ್ದರು. ಅಪ್ಪ ಅವರನ್ನು ಬಾಗಿಲವರೆಗೆ ಬಿಟ್ಟುಬಂದು, ಆರಿದ ಚಹಾ ಎಲ್ಲವನ್ನೂ ತಾನೇ ಕುಡಿದ. ಮರುವರ್ಷ ಅಕ್ಕ ಅಂಕೋಲೆಯ ಇನ್ನೊಂದು ಮನೆಗೆ, ತಾನೇ ಒಪ್ಪಿದವನ ಕೈ ಹಿಡಿ‌ದು ಹೋದಳು.

ಈ ಕತೆಯನ್ನು ನನ್ನ ಮೊಮ್ಮಕ್ಕಳಿಗೆ ಮೊನ್ನೆ ಮೊದಲ ಸಲ ಹೇಳಿದೆ. ಅವರು ಈಗ ಕಾರವಾರದ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಾರೆ. ನದಿ ದಾಟಿದ್ದೇ ಅವರಿಗೆ ಗೊತ್ತಾಗುವುದಿಲ್ಲ. ಅವರ ತರಗತಿಯಲ್ಲಿ ಹಿಂದಿಯ ಮಕ್ಕಳು ಬೇಕಷ್ಟಿದ್ದಾರೆ, ಇವರೂ ಅವರೂ ಮೂರು ಭಾಷೆ ಕಲಸಿಕೊಂಡು ಮಾತಾಡುತ್ತಾರೆ. ಇಂಗ್ಲಿಷ್ ಸಂಶಯ ಬಂದರೆ ಮೊಬೈಲನ್ನು ಕೇಳುತ್ತಾರೆ, ಅದು ಮೋಸ ಮಾಡದೆ ಹೇಳುತ್ತದೆ. ಮೊಮ್ಮಗ ಕತೆ ಕೇಳಿ, “ಆ ಮೇಮ್‌ಸಾಬ್ ಅಳೂದು ನೋಡಿ ನಿಂಗೆ ಪಾಪ ಅನ್ನಿಸ್ಲಿಲ್ವಾ ಅಜ್ಜಿ?” ಎಂದ.

“ಇಲ್ಲ. ಈಗ್ಲೂ ಇಲ್ಲ,” ಎಂದೆ. ಈ ಕಾಲದ ಮಕ್ಕಳ ಮನಸ್ಸು ಮೆದು. ನನ್ನದು ಹಾಗಿಲ್ಲ.

ತಮ್ಮ ಎದ್ದು ಹೋದ ಮೇಲೆ ಮೊಮ್ಮಗಳು ನನ್ನ ಹತ್ತಿರ ಸರಿದು ಕೂತಳು. ಅವರ ತರಗತಿಯಲ್ಲಿ ಯಾರದೋ ಕ್ಯಾಲ್ಕುಲೇಟರ್ ಕಾಣೆಯಾಗಿತ್ತಂತೆ. ಚೆಂಡಿಯಾದಿಂದ ಬರುವ ಒಬ್ಬ ಹುಡುಗಿ ತೆಗೆದಿರಬಹುದು ಎಂದು ಮೊಬೈಲಿನ ಗುಂಪಿನಲ್ಲಿ ಯಾರೋ ಬರೆದರಂತೆ. ಊಟದ ಹೊತ್ತಿಗೆ ಶಾಲೆಗೆಲ್ಲ ಸುದ್ದಿ. ಸಂಜೆ ಕ್ಯಾಲ್ಕುಲೇಟರ್ ಅದರ ಒಡತಿಯ ಮನೆಯಲ್ಲೇ ಸಿಕ್ಕಿತು. ಬರೆದದ್ದನ್ನು ಅಳಿಸಿಹಾಕಿದರು. ನಮ್ಮ ಕಾಲದಲ್ಲಿ ಆಡಿದ ಮಾತನ್ನು ಹಾಗೆ ಒತ್ತಿ ಅಳಿಸುವ ಗುಂಡಿ ಇರಲಿಲ್ಲ. ಆ ಹುಡುಗಿ ಅವತ್ತಿನಿಂದ ಶಾಲೆಗೆ ಬಂದಿಲ್ಲವಂತೆ.

“ಯಾರು ಬರ್ದದ್ದು?” ಎಂದೆ.

ಅವಳು ನನ್ನ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. “ನಾನು,” ಎಂದಳು. “‘ಬಹುದು’ ಅಂತ ಮಾತ್ರ ಬರ್ದಿದ್ದೆ ಅಜ್ಜಿ.”

ಮರುದಿನ ನಾವಿಬ್ಬರೂ ಚೆಂಡಿಯಾದ ಬಸ್ಸು ಹತ್ತಿದೆವು. ನಾನು ರಸ್ತೆಯಲ್ಲೇ ನಿಂತೆ, ಅವಳೊಬ್ಬಳೇ ಆ ಮನೆಯ ಅಂಗಳಕ್ಕೆ ಹೋದಳು. ಬಾಗಿಲು ತೆರೆಯಿತು, ಸ್ವಲ್ಪ ಹೊತ್ತಿನಲ್ಲಿ ಮುಚ್ಚಿತು. ಹಿಂದಿರುಗಿ ಬಂದವಳ ಕಣ್ಣು ಕೆಂಪಾಗಿತ್ತು.

“ಎಲ್ಲ ಹೇಳ್ದೆ. ಅವ್ಳು ಒಂದು ಮಾತೂ ಆಡ್ಲಿಲ್ಲ ಅಜ್ಜಿ.”

“ಆಡ್ಬೇಕಂತ ಇಲ್ಲ,” ಎಂದೆ. ಬಸ್ಸು ಬರುವವರೆಗೆ ಇಬ್ಬರೂ ಬಿಸಿಲಿನಲ್ಲಿ ನಿಂತಿದ್ದೆವು.